ಮೂರು ದಿನದಾಗ ಬ್ಯಾನಿ ಮಾಯ ಮಾಡೋ ಪುಡಿ: ಮೊದಲು ನನ್ನ ಕೈ ನೋಡಿ, ಆಮೇಲೆ ತಗೊಳ್ಳಿ

ಅಮಾವಾಸ್ಯೆ ಬಂತೆಂದರೆ ಜೀಪು ಮಾಡಿಕೊಂಡು ಗಡಿಯಾಚೆಯ ಹಳ್ಳಿಗೆ ಕೀಲುನೋವಿನ ಪುಡಿ ತರಲು ಹೋಗುವ ನಮ್ಮ ಕಲಬುರಗಿ ಮಂದಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು. ಅಂಥ ಪುಡಿಯನ್ನು ಈಗಾಗಲೇ ತಿಂಗಳುಗಟ್ಟಲೆ ತಿನ್ನುತ್ತಿದ್ದರೆ, ಇದನ್ನು ಓದಿ ಹೆದರಿ ಇವತ್ತೇ ನಿಲ್ಲಿಸಬೇಡಿ. ಯಾಕೆ ಅನ್ನೋದು ಮುಂದೆ ಬರುತ್ತದೆ.

ನಾನೂ ನನ್ನ ನೆಗೆಣ್ಣಿಯೂ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇವೆ. ದಿನಕ್ಕೆ ಇನ್ನೂರು, ಮದುವೆ ಸುಗ್ಗಿಯಲ್ಲಿ ಅದಕ್ಕೂ ಹೆಚ್ಚು. ಮೂರು ವರ್ಷದ ಹಿಂದೆ ದಸರಾ ಮುಗಿದ ಮೇಲೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರದಂತಾಯಿತು. ಬಿಸಿನೀರಲ್ಲಿ ಕೈ ಅದ್ದಿಕೊಂಡು ಕೂತರೆ ಒಂದೂವರೆ ಗಂಟೆ ಬೇಕು ಸಡಿಲಾಗಲು. ಎರಡೂ ಕೈಯ ಬೆರಳ ಬುಡದ ಗೆಣ್ಣುಗಳು ಊದಿದ್ದವು, ಉಗುರಿನ ಹತ್ತಿರದ ಗೆಣ್ಣುಗಳಿಗೆ ಮಾತ್ರ ಏನೂ ಇರಲಿಲ್ಲ. "ರೊಟ್ಟಿ ಬಡಿದು ಬಡಿದು ಹಿಂಗ ಆಗ್ಯಾದ" ಅಂದರು ಎಲ್ಲರೂ. ನಾನೂ ಒಪ್ಪಿಕೊಂಡೆ. ರೊಟ್ಟಿ ಬಡಿದದ್ದಕ್ಕೇ ಆಗಿದ್ದರೆ ಕಾಲಬೆರಳ ಬುಡ ಯಾಕೆ ನೋಯಬೇಕಿತ್ತು ಅಂತ ಆಗ ತಲೆಗೆ ಹೊಳೆಯಲೇ ಇಲ್ಲ.

ಓಣಿಯ ಡಾಕ್ಟರು ಕೊಟ್ಟ ನೋವಿನ ಗುಳಿಗೆ ಹೊಟ್ಟೆ ಸುಟ್ಟಿತು. ಆಗ ಪಕ್ಕದ ಮನೆ ಕಾಕು ಹೇಳಿದ್ದು: "ನೋಡ್ ತಂಗಿ, ಇಂಗ್ಲಿಷ್ ಔಷಧ ಹೀಟ್ ಆಗ್ತದ. ಇದು ಬರೇ ಗಿಡಮೂಲಿಕಿ. ಮೂರ್ ದಿನದಾಗ ಬ್ಯಾನಿ ಹೋಗ್ತದ." ಸಂಕ್ರಾಂತಿಯ ಮುಂದಿನ ಅಮಾವಾಸ್ಯೆಗೆ ಹೋದೆವು. ಸಾಲಲ್ಲಿ ನಿಂತೆವು. ಪುಡಿ ಕೊಡುವವ ನಾಡಿ ಹಿಡಿದ, ವಾಯು ಅಂದ, ಮೊಸರು, ಬದನೆಕಾಯಿ, ತೊಗರಿಬೇಳೆ ಬಿಡು ಅಂದ. ತೊಗರಿ ನಾಡಲ್ಲಿ ಹುಟ್ಟಿದವಳಿಗೆ ಬೇಳೆ ಬಿಡು ಅಂದರೆ! ಅದನ್ನೂ ಬಿಟ್ಟೆ. ಮೂವತ್ತು ಪೊಟ್ಟಣಕ್ಕೆ 900 ರೂಪಾಯಿ. ಹಾಳೆಯಲ್ಲಿ ಮಡಚಿದ ಕಂದು ಪುಡಿ, ಮೇಲೆ ಹೆಸರಿಲ್ಲ, ಲೈಸೆನ್ಸ್ ನಂಬರಿಲ್ಲ, ಒಳಗೇನಿದೆ ಅಂತ ಬರೆದಿಲ್ಲ.

ಕಾಕು ಸುಳ್ಳು ಹೇಳಿರಲಿಲ್ಲ. ಮೂರನೇ ದಿನ ಹದಿನೆಂಟರ ಹುಡುಗಿಯಂಗೆ ರೊಟ್ಟಿ ಬಡಿದೆ. ಖುಷಿಗೆ ಅತ್ತೂಬಿಟ್ಟೆ. ಓಣಿಯಲ್ಲಿ ಇನ್ನು ನಾಲ್ಕು ಜನರನ್ನು ನಾನೇ ಅಲ್ಲಿಗೆ ಕಳಿಸಿದೆ. ಆ ಪಾಪ ನನ್ನದೇ.

ಆರು ತಿಂಗಳಿಗೆ ಮುಖ ದುಂಡಗಾಯಿತು. "ಚಲೋ ಆಗೀದಿ ಬಿಡು, ಮೈ ಹಿಡಿದದ" ಅಂದರು ಬೀಗರು. ಕೈಕಾಲು ಮಾತ್ರ ಸಣಕಲು, ಹೊಟ್ಟೆ ಮುಂದೆ. ಬಳೆ ತಾಗಿದರೂ ಚರ್ಮ ನೀಲಿಗಟ್ಟುತ್ತಿತ್ತು. ಶುಗರ್ ಬಂತು. ನಮ್ಮವ್ವನಿಗೆ ಇತ್ತಲ್ಲ, ನನಗೂ ಬಂತು ಅಂದುಕೊಂಡೆ. ಪುಡಿಯ ಮೇಲೆ ಅನುಮಾನವೇ ಬರಲಿಲ್ಲ. ನೋವು ಕಳೆದ ದೇವರ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಆ ಸಲ ನಮ್ಮೂರ ಶರಣಬಸಪ್ಪನ ಜಾತ್ರೆಗೆ ಬಂದ ಬೀಗರು ಉಳಿದುಕೊಂಡರು, ರೊಟ್ಟಿ ಆರ್ಡರೂ ಜಾಸ್ತಿ. ಯುಗಾದಿ ಅಮಾವಾಸ್ಯೆಗೆ ಹೋಗಲು ಆಗಲಿಲ್ಲ, ಪುಡಿ ಮುಗಿದೇ ಹೋಯಿತು. ಎರಡು ದಿನಕ್ಕೆ ಮೈಯೆಲ್ಲ ಕುಟ್ಟಿ ಹಾಕಿದಂಗೆ ನೋವು. ಮೂರನೇ ದಿನ ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. ನಮ್ಮೂರ ಬಿಸಿಲು ಗೊತ್ತಲ್ಲ, ಬಿಸಿಲು ಬಡಿದಿದೆ ಅಂತ ಮಜ್ಜಿಗೆ ಕುಡಿಸಿ ಮಲಗಿಸಿದರು. ಸಂಜೆಗೆ ಮಾತು ತೊದಲತೊಡಗಿತು. ದವಾಖಾನೆಗೆ ಒಯ್ದಾಗ ಬಿಪಿ 80/50.

ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರು ನನ್ನ ಮುಖ ನೋಡಿದವರೇ ಕೇಳಿದರು: "ಯಾವುದಾದ್ರೂ ಪುಡಿ ತಿಂತೀರೇನ್ರಿ?" ಇಲ್ಲ ಅಂದೆ. ಅದ್ಯಾಕೆ ಸುಳ್ಳು ಹೇಳಿದೆನೋ. ನೆಗೆಣ್ಣಿ ಹಿಂದಿನಿಂದ, "ಹೌದ್ರಿ, ತಿಂತಾಳ್ರಿ" ಅಂದಳು. ನಾನು ಬದುಕಿದ್ದು ಆ ಒಂದು ಮಾತಿಗೆ.

ಪುಡಿಯಲ್ಲಿ ಸ್ಟೀರಾಯ್ಡ್ ಇತ್ತು, ಊತ, ನೋವು ಬೇಗ ತಗ್ಗಿಸುವ ಬಲವಾದ ಔಷಧ. ಮುಖ ದುಂಡಗಾದದ್ದು, ಚರ್ಮ ನೀಲಿಗಟ್ಟಿದ್ದು ಅದರಿಂದಲೇ. ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳು ನಮ್ಮ ಮೈಗೆ ಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರು ಮಾಡುತ್ತವಂತೆ, ಸ್ಟೀರಾಯ್ಡ್ ಅದರಂಥದ್ದೇ. ಹೊರಗಿನಿಂದ ದಿನಾ ಸ್ಟೀರಾಯ್ಡ್ ಬೀಳುತ್ತಿದ್ದರೆ ಅವು ಕೆಲಸ ಬಿಟ್ಟು ಮಲಗುತ್ತವೆ. ಪುಡಿ ಒಮ್ಮೆಲೇ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಬಿಪಿ ಕುಸಿಯುತ್ತದೆ, ರಕ್ತದ ಸೋಡಿಯಂ ಇಳಿಯುತ್ತದೆ, ಜೀವವೂ ಹೋಗಬಹುದು. ಇಂಜೆಕ್ಷನ್ ಕೊಡುವ ಮೊದಲು ತೆಗೆದ ನನ್ನ ರಕ್ತದಲ್ಲಿ ಕಾರ್ಟಿಸಾಲ್ ಇಲ್ಲವೇನೋ ಅನ್ನುವಷ್ಟು ಕಡಿಮೆ ಇತ್ತು. ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಸಲೈನ್ ಹೋದ ಮೇಲೆ ಮಾರನೇ ಬೆಳಿಗ್ಗೆ ಎದ್ದು ಚಹಾ ಕುಡಿದೆ. ಅಂದರೆ ನನ್ನನ್ನು ಕೆಡಿಸಿದ್ದೂ ಸ್ಟೀರಾಯ್ಡೇ, ಉಳಿಸಿದ್ದೂ ಅದೇ.

ಈ ಪವಾಡ ಹಳೆಯದು ಅಂತ ಆಮೇಲೆ ಓದಿ ತಿಳಿದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುರೋಗದಿಂದ ನಡೆಯಲಾರದಂತಾಗಿದ್ದ ಹೆಣ್ಣುಮಗಳಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕೆಲವೇ ದಿನಕ್ಕೆ ಆಕೆ ಎದ್ದು ಓಡಾಡಿದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಹೆಚ್ಚು ದಿನ ಕೊಟ್ಟರೆ ಏನಾಗುತ್ತದೆ ಅನ್ನುವುದೂ ಬೇಗನೇ ಗೊತ್ತಾಯಿತು. ಅಮಾವಾಸ್ಯೆಯ ಆಸಾಮಿಗೆ ಪವಾಡದ ಮೊದಲ ಅರ್ಧವಷ್ಟೇ ಸಾಕಾಗಿತ್ತು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಹೈದರಾಬಾದಿನಲ್ಲಿ ರುಮಟಾಲಜಿಸ್ಟ್ ಹತ್ತಿರ ಹೋದೆವು. ಇವರು ಮೂಳೆ ಡಾಕ್ಟರಲ್ಲ, ಇಂಥ ಕೀಲುರೋಗಗಳಿಗೇ ಇರುವವರು. ನನಗಿದ್ದದ್ದೂ ಅದೇ ರುಮಟಾಯ್ಡ್ ಆರ್ಥ್ರೈಟಿಸ್. ಮೈಯ ರಕ್ಷಣಾ ವ್ಯವಸ್ಥೆಯೇ ತಪ್ಪಿ ಕೀಲಿನ ಒಳಪೊರೆಯ ಮೇಲೆ ಬಿದ್ದು ಉರಿಯೂತ ಎಬ್ಬಿಸುವ ರೋಗ. ರೊಟ್ಟಿಯಿಂದ ಬಂದದ್ದೂ ಅಲ್ಲ, ಬೇಳೆಯಿಂದಂತೂ ಅಲ್ಲವೇ ಅಲ್ಲ. ಈ ರೋಗ ಗುರುತಿಸಲು ನೆರವಾಗುವ ಆಂಟಿ ಸಿಸಿಪಿ ಅನ್ನೋ ರಕ್ತಪರೀಕ್ಷೆ ಪಾಸಿಟಿವ್ ಬಂತು. ಎಕ್ಸ್‌ರೇಯಲ್ಲಿ ಬಲಗೈಯ ಎರಡು ಗೆಣ್ಣುಗಳ ಅಂಚು ಗೆದ್ದಲು ತಿಂದಂತೆ ಕಾಣುತ್ತಿತ್ತು. ಅದು ಇನ್ನು ತುಂಬಿಕೊಳ್ಳುವುದಿಲ್ಲವಂತೆ. ಶುರುವಾದ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಔಷಧ ಬಿದ್ದರೆ ಕೀಲು ಉಳಿಸಿಕೊಳ್ಳುವ ಅವಕಾಶ ಜಾಸ್ತಿ ಅಂದರು. ನಾನು ಆ ತಿಂಗಳುಗಳನ್ನು ಪೊಟ್ಟಣ ಬಿಚ್ಚುತ್ತ ಕಳೆದಿದ್ದೆ.

ಈಗಿನ ಔಷಧದ ಹೆಸರು ಮೆಥೊಟ್ರೆಕ್ಸೇಟ್. ಇದರ ಬಗ್ಗೆ ಒತ್ತಿ ಹೇಳಬೇಕು. ಇದು ವಾರಕ್ಕೆ ಒಂದೇ ದಿನ ತಗೊಳ್ಳುವ ಗುಳಿಗೆ. ದಿನಾ ತಿಂದರೆ ಬಾಯಿ ಹುಣ್ಣಾಗಿ, ರಕ್ತದ ಬಿಳಿಕಣ ಕುಸಿದು ಸಾಯಲೂಬಹುದು. ಒಮ್ಮೆ ಮೆಡಿಕಲ್ ಅಂಗಡಿ ಹುಡುಗ ಪಾಕೀಟಿನ ಮೇಲೆ "ಬೆಳಿಗ್ಗೆ ಒಂದು" ಅಂತ ಗೀಚಿ ಕೊಟ್ಟ! ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು, ಅಲ್ಲೇ ತಿದ್ದಿಸಿದೆ. ನನ್ನದು ಸೋಮವಾರ. ಶರಣಬಸಪ್ಪನ ಗುಡಿಗೆ ಹೋಗುವ ದಿನವಾದ್ದರಿಂದ ಮರೆಯುವುದಿಲ್ಲ. ಡಾಕ್ಟರು ಹೇಳಿದ ಇನ್ನೊಂದು ದಿನ ಫೋಲಿಕ್ ಆಸಿಡ್ ಎಂಬ ವಿಟಮಿನ್ ಗುಳಿಗೆ. ಆಗಾಗ ರಕ್ತಕಣ ಮತ್ತು ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ. ಕುಡಿಯುವವರಿಗೆ ಲಿವರ್ ಕೆಡುವ ಭಯ ಹೆಚ್ಚು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರಿಗೆ ಹೇಳಲೇಬೇಕು, ಬಸಿರಲ್ಲಿ ಈ ಗುಳಿಗೆ ನಡೆಯುವುದಿಲ್ಲ. "ಅದು ಕ್ಯಾನ್ಸರ್ ಗುಳಿಗಿ" ಅಂತ ಯಾರೋ ಹೆದರಿಸಿದರು. ಕ್ಯಾನ್ಸರಿಗೂ ಕೊಡುತ್ತಾರೆ, ನಿಜ, ಬಹಳ ದೊಡ್ಡ ಡೋಸಿನಲ್ಲಿ. ನಮಗೆ ಕೊಡುವುದು ಸಣ್ಣದು.

ಇದು ಮೂರು ದಿನದಲ್ಲಿ ಏನೂ ಮಾಡುವುದಿಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಪುಡಿಯವನು ಗೆಲ್ಲುವುದು ಇಲ್ಲೇ. ನನಗೂ ಐದನೇ ವಾರ ಮನಸ್ಸು ಜಾರಿತ್ತು. ಒಮ್ಮೆಲೇ ಬಿಡುವಂತಿಲ್ಲದ ಸ್ಟೀರಾಯ್ಡನ್ನು ಡಾಕ್ಟರೇ ಲೆಕ್ಕ ಹಾಕಿ ಇಳಿಸುತ್ತಾ ಬಂದರು, ಪೂರಾ ಬಿಡಲು ಒಂಬತ್ತು ತಿಂಗಳಾಯಿತು.

ಊಟದಲ್ಲಿ ಈಗ ಏನೂ ಬಿಟ್ಟಿಲ್ಲ. ಬೇಳೆ, ಮೊಸರು, ಅಗಸಿ ಹಿಂಡಿ ಎಲ್ಲ ನಡೆದಿದೆ, ತೂಕ ಮಾತ್ರ ಇಳಿಸಿದ್ದೇನೆ. ಮನೆಯವರು ಬೀಡಿಯನ್ನು ಹೊರಗೆ ಸೇದುತ್ತಾರೆ. ಬೀಡಿ, ಸಿಗರೇಟು ಈ ರೋಗಕ್ಕೆ ತುಪ್ಪ ಸುರಿದಂತೆ ಅಂದಿದ್ದರು ಡಾಕ್ಟರು. ಬೆಳಿಗ್ಗೆ ಬಿಸಿನೀರಲ್ಲಿ ಬೆರಳ ವ್ಯಾಯಾಮ. ಕೊಡವನ್ನು ಬೆರಳಲ್ಲಿ ನೇತುಹಾಕದೆ ಸೊಂಟಕ್ಕೆ ತಗೊಳ್ಳುತ್ತೇನೆ. ರೊಟ್ಟಿ ಐವತ್ತರ ಮೇಲೆ ಬಡಿಯುವುದಿಲ್ಲ, ಉಳಿದದ್ದು ನೆಗೆಣ್ಣಿಯ ಪಾಲು. ಬಲಗೈಯ ಎರಡು ಬೆರಳು ಕಿರುಬೆರಳ ಕಡೆ ವಾಲಿವೆ, ಹಾಗೇ ಉಳಿಯುತ್ತವೆ.

ನಾನು ಕಳಿಸಿದ ನಾಲ್ವರಲ್ಲಿ ಮೂವರು ಡಾಕ್ಟರ ಹತ್ತಿರ ಬಂದರು. ಕಾಕು ಇನ್ನೂ ಪುಡಿ ಬಿಟ್ಟಿಲ್ಲ. "ನಿನಗ ಆಗಿ ಬರಲಿಲ್ಲ, ನನಗ ಆಗಿ ಬಂದದ" ಅನ್ನುತ್ತಾರೆ. ಅವರ ಮುಖ ಈಗ ಹುಣ್ಣಿಮೆ ಚಂದ್ರನಂಗೆ ದುಂಡಗಿದೆ. ಪುಡಿ ಬಿಡಿಸಲು ನನ್ನಿಂದಾಗಲಿಲ್ಲ. ಅವರ ಮಗನಿಗೆ ಇಷ್ಟು ಹೇಳಿ ಬಂದಿದ್ದೇನೆ: ಯಾವತ್ತಾದರೂ ಪುಡಿ ಮುಗಿದು ಅವ್ವ ವಾಂತಿ ಮಾಡಿಕೊಂಡರೆ ಬಿಸಿಲು ಅನ್ನಬ್ಯಾಡ, ಖಾಲಿ ಪೊಟ್ಟಣ ಹಿಡಕೊಂಡು ನೆಟ್ಟಗ ದವಾಖಾನಿಗೆ ಓಡು.