ಗಾಡ್‌ಮೋಡ್9: ಅಳಿಸುವ ಮುಂಚೆ ಕೈ ಹಿಡಿದು ಕೇಳುವ ಟೂಲ್

ನನ್ನ ಮೊದಲ ಪಿಎಸ್‌ಪಿ, ಅಂದರೆ ಸೋನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ಸತ್ತದ್ದು 2005ರ ಅಕ್ಟೋಬರ್‌ನಲ್ಲಿ. ಅದರಲ್ಲಿ 2.0 ಫರ್ಮ್‌ವೇರ್ (ಯಂತ್ರ ನಡೆಸುವ ಒಳಗಿನ ಸಾಫ್ಟ್‌ವೇರ್) ಇತ್ತು. ಹೋಂಬ್ರೂ, ಅಂದರೆ ಕಂಪನಿಯ ಒಪ್ಪಿಗೆ ಇಲ್ಲದೆ ಹವ್ಯಾಸಿಗಳು ಬರೆದ ಪ್ರೋಗ್ರಾಂಗಳು, ಬೇಕೆಂದರೆ 1.50ಕ್ಕೆ ಇಳಿಯಬೇಕಿತ್ತು. ಇಳಿಸಿಕೊಡುತ್ತೇನೆ ಅಂತ ಹೇಳಿಕೊಂಡ ಒಂದು ಫೈಲು ಸಿಕ್ಕಿತು, ಓಡಿಸಿದೆ. ಅದು ಇಳಿಸಲಿಲ್ಲ. ಯಂತ್ರ ಶುರುವಾಗಲು ಬೇಕಾದ ಫೈಲುಗಳನ್ನೇ ಒಳಗಿನ ಫ್ಲ್ಯಾಶ್‌ನಿಂದ ಅಳಿಸಿಬಿಟ್ಟಿತು. ಆಫ್ ಮಾಡಿದ ಮೇಲೆ ಪಿಎಸ್‌ಪಿ ಮತ್ತೆ ಏಳಲಿಲ್ಲ. ಆಂಟಿವೈರಸ್‌ನವರು ಅದಕ್ಕೆ ಪಿಎಸ್‌ಪಿಬ್ರಿಕ್ ಟ್ರೋಜನ್ ಅಂತ ಹೆಸರಿಟ್ಟರು. ಅದೇ ತಿಂಗಳು ನಿಂಟೆಂಡೋ ಡಿಎಸ್‌ಗೂ ಇಂಥದ್ದೇ ಒಂದು ಬಂತು.

ಎರಡು ವರ್ಷ ಅದು ಡ್ರಾಯರ್‌ನಲ್ಲಿ ಮಲಗಿತ್ತು. 2007ರಲ್ಲಿ ಪಂಡೋರಾ ಬ್ಯಾಟರಿ ಬಂದ ಮೇಲೆ ಗೆಳೆಯನೊಬ್ಬ ಅದನ್ನು ಎಬ್ಬಿಸಿಕೊಟ್ಟ. ಬ್ಯಾಟರಿಯ ಸೀರಿಯಲ್ ನಂಬರ್ ಬದಲಾಯಿಸಿದರೆ ಪಿಎಸ್‌ಪಿ ಸರ್ವಿಸ್ ಮೋಡ್‌ನಲ್ಲಿ ಎದ್ದು, ನೇರ ಮೆಮರಿ ಸ್ಟಿಕ್‌ನಿಂದ ಓಡುತ್ತದೆ. ಆ ಹಸಿರು ದೀಪ ಹತ್ತಿದ ಕ್ಷಣ ಇವತ್ತಿಗೂ ಕಣ್ಣ ಮುಂದಿದೆ. ಆದರೆ ಆ ಎರಡು ವರ್ಷ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಯಂತ್ರದ ಜೀವ ತೆಗೆಯುವ ಕೆಲಸ ಮಾಡುವಾಗ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲವಲ್ಲ?

ಗಾಡ್‌ಮೋಡ್9 ಕೇಳುತ್ತದೆ. ಅದಕ್ಕೇ ಈ ವಿಮರ್ಶೆ.

ಇದು ನಿಂಟೆಂಡೋ 3ಡಿಎಸ್ ಎಂಬ ಗೇಮ್ ಕನ್ಸೋಲ್‌ನ ಫೈಲ್ ಮ್ಯಾನೇಜರ್. ಉಚಿತ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಎಸ್‌ಡಿ ಕಾರ್ಡ್‌ನಲ್ಲಿ ಲೂಮಾದ (3ಡಿಎಸ್‌ಗೆ ಹವ್ಯಾಸಿಗಳು ಮಾಡಿದ ಫರ್ಮ್‌ವೇರ್) ಪೇಲೋಡ್ಸ್ ಫೋಲ್ಡರ್‌ಗೆ ಹಾಕಿ, ಸ್ಟಾರ್ಟ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ತೆರೆದುಕೊಳ್ಳುತ್ತದೆ. ನಿಂಟೆಂಡೋದ ಸಿಸ್ಟಂ ಆಗ ಇನ್ನೂ ಶುರುವೇ ಆಗಿರುವುದಿಲ್ಲ. ಒಳಗಿನ ನ್ಯಾಂಡ್ ಮೆಮರಿ ಪೂರ್ತಿ ಕಣ್ಣ ಮುಂದೆ ಇರುತ್ತದೆ. ಎಲ್ಲವನ್ನೂ ನೋಡಬಹುದು, ಎಲ್ಲವನ್ನೂ ಹಾಳು ಮಾಡಬಹುದು. ಅಷ್ಟು ಶಕ್ತಿ ಇರುವ ಟೂಲ್ ಎಷ್ಟು ಜವಾಬ್ದಾರಿಯಿಂದ ನಡೆದುಕೊಳ್ಳುತ್ತದೆ ಅನ್ನುವುದೇ ನನಗೆ ಮುಖ್ಯ.

ಮೊದಲ ಸಲ ತೆರೆದಾಗ ಅದು ಮಾಡಿದ ಮೊದಲ ಕೆಲಸ ನನಗೆ ತುಂಬ ಹಿಡಿಸಿತು. ಅತ್ಯಗತ್ಯ ಫೈಲುಗಳ ಬ್ಯಾಕಪ್ ಇಲ್ಲ, ಈಗಲೇ ಮಾಡಲಾ ಅಂತ ತಾನಾಗಿ ಕೇಳಿತು. ಒಂದೊಂದು 3ಡಿಎಸ್‌ಗೂ ಅದರದೇ ಆದ ಕೆಲವು ಫೈಲುಗಳಿವೆ. ಬೇರೆ ಕನ್ಸೋಲ್‌ನಿಂದ ತಂದು ಹಾಕಿದರೆ ನಡೆಯುವುದಿಲ್ಲ. ಅವು ಕೈಯಲ್ಲಿದ್ದರೆ ಮುಂದೆ ಏನೇ ಆದರೂ ದಾರಿ ಉಂಟು.

ಇನ್ನು ಬಣ್ಣದ ವಿಷಯ. ಪರದೆಯ ಮೇಲಿನ ಪಟ್ಟಿ ಹಸಿರಾಗಿದ್ದರೆ ಸಿಸ್ಟಂ ಫೈಲುಗಳನ್ನು ಬದಲಾಯಿಸಲು ಆಗುವುದೇ ಇಲ್ಲ. ಹಳದಿ ಅಂದರೆ ಬದಲಾಯಿಸಬಹುದು, ಕೆಟ್ಟರೂ ಸಾಫ್ಟ್‌ವೇರ್‌ನಿಂದಲೇ ಸರಿ ಮಾಡಬಹುದು. ಕಿತ್ತಳೆ ಬಂದರೆ ನಿಮ್ಮ ಕನ್ಸೋಲ್‌ಗೆ ಮಾತ್ರ ಸೇರಿದ ಫೈಲುಗಳಿಗೆ ಕೈ ಹಾಕುತ್ತಿದ್ದೀರಿ, ಬ್ಯಾಕಪ್ ಇರಲೇಬೇಕು. ಕೆಂಪಿನಲ್ಲಿ ಯಾವ ತಡೆಯೂ ಇಲ್ಲ. ಅಲ್ಲಿ ತಪ್ಪಿದರೆ ಕೆಲವೊಮ್ಮೆ ಹಾರ್ಡ್‌ವೇರ್ ಬಿಚ್ಚಿಯೇ ರಿಪೇರಿ ಮಾಡಬೇಕು. ನೇರ ಮೆಮರಿ ತಿದ್ದುವುದಕ್ಕೆ ನೀಲಿ ಬೇರೆ ಇದೆ, ನಾನು ಅತ್ತ ಹೋಗಿಲ್ಲ.

ಒಂದು ಬಣ್ಣದಿಂದ ಮೇಲಿನದಕ್ಕೆ ಹೋಗಲು ಸುಮ್ನೆ ಒಂದು ಬಟನ್ ಒತ್ತಿದರೆ ಸಾಲದು. ಪರದೆಯಲ್ಲಿ ಬಾಣಗಳ ಸಾಲು ಬರುತ್ತದೆ. ಅದೇ ಕ್ರಮದಲ್ಲಿ ಒತ್ತಬೇಕು. ಬೇಡ ಅನಿಸಿದರೆ ಬಿ ಒತ್ತಿ ಹಿಂದೆ ಬರಬಹುದು. ಕೆಲಸ ಮುಗಿದ ಮೇಲೆ ಮತ್ತೆ ಬೀಗ ಹಾಕಲಾ ಅಂತಲೂ ಕೇಳುತ್ತದೆ.

ಇದರ ಬೆಲೆ ನನಗೆ ಗೊತ್ತಾದದ್ದು ತಂಗಿಯ ಮಗನಿಂದ. 2023ರ ಮಾರ್ಚ್‌ನಲ್ಲಿ 3ಡಿಎಸ್‌ನ ಇ-ಶಾಪ್ ಮುಚ್ಚಿದ ಮೇಲೆ ಅವನು ಹೋಂಬ್ರೂ ಕಡೆ ಬಂದ. ಒಂದು ದಿನ ಕನ್ಸೋಲ್ ಹಿಡಿದುಕೊಂಡು ಬಂದು, "ಮಾಮ, ಇದು ಯಾಕೆ ಕಿತ್ತಳೆ ಬಣ್ಣ ತೋರಿಸ್ತಿದೆ?" ಅಂದ. ಹಳೆಯ ಥೀಮ್ ಫೈಲುಗಳನ್ನು ಗುಡಿಸುವ ಸ್ಕ್ರಿಪ್ಟ್ (ಆದೇಶಗಳ ಪಟ್ಟಿ) ಅಂತ ಯಾರೋ ಅವನಿಗೆ ಕೊಟ್ಟಿದ್ದರು. ಥೀಮ್ ಇರುವುದು ಎಸ್‌ಡಿ ಕಾರ್ಡ್‌ನಲ್ಲಿ. ಅದನ್ನು ಗುಡಿಸಲು ಕಿತ್ತಳೆ ಅನುಮತಿ ಯಾಕೆ ಬೇಕು, ಅಲ್ವಾ?

"ಬಿ ಒತ್ತು ಪುಟ್ಟ" ಅಂದೆ. ಗಾಡ್‌ಮೋಡ್9ನ ಸ್ಕ್ರಿಪ್ಟ್‌ಗಳು ಬರೀ ಅಕ್ಷರದ ಫೈಲುಗಳು. ಓಡಿಸುವ ಮುಂಚೆ ಅಲ್ಲೇ ಟೆಕ್ಸ್ಟ್ ವ್ಯೂವರ್‌ನಲ್ಲಿ ತೆರೆದು ಓದಬಹುದು. ಇಬ್ಬರೂ ಕೂತು ಓದಿದೆವು. ಮೇಲೆ ಹತ್ತಾರು ಸಾಲು ನಿಜಕ್ಕೂ ಥೀಮ್ ಬಗ್ಗೆಯೇ ಇತ್ತು. ಕೆಳಗೆ ಒಂದು ಸಾಲು ಮಾತ್ರ ಬೇರೆ. ಅದು ಅಳಿಸುವ ಆದೇಶ. ಡ್ರೈವ್ 1, ಅಂದರೆ ಸಿಸ್ಟಂ ಇರುವ ಜಾಗ. ಪ್ರೈವೇಟ್ ಫೋಲ್ಡರ್, ಅದರೊಳಗಿನ ಮೂವಬಲ್.ಸೆಡ್. ಎಸ್‌ಡಿ ಕಾರ್ಡ್‌ನಲ್ಲಿರುವ ಆಟಗಳನ್ನೂ ಸೇವ್‌ಗಳನ್ನೂ ಬಿಚ್ಚುವ ಕೀಲಿ ಇರುವುದು ಅದರಲ್ಲೇ. ಹುಡುಗನ ಮುಖ ಬಿಳಿಚಿಕೊಂಡಿತು. ನನಗೆ ನನ್ನ ಪಿಎಸ್‌ಪಿ ನೆನಪಾಯಿತು.

ಆದರೆ ಈ ಬೀಗವನ್ನು ಎಷ್ಟು ನಂಬಬೇಕು ಅನ್ನುವುದನ್ನೂ ಹೇಳಬೇಕು. ಗಾಡ್‌ಮೋಡ್9 ತಡೆಯುವುದು ತನ್ನ ಮೂಲಕ ನಡೆಯುವ ಕೆಲಸವನ್ನು ಮಾತ್ರ. 3ಡಿಎಸ್‌ನಲ್ಲಿ ಆಟಗಳು ಓಡುವುದು ಎಆರ್‌ಎಂ11 ಪ್ರೊಸೆಸರ್ ಮೇಲೆ, ಭದ್ರತೆಯ ಕೆಲಸವೆಲ್ಲ ಎಆರ್‌ಎಂ9 ಮೇಲೆ. ಫರ್ಮ್ ಎಂಬ ಬಗೆಯ ಪೇಲೋಡ್, ಅಂದರೆ ಸಿಸ್ಟಂಗಿಂತ ಮೊದಲೇ ಓಡುವ ಪ್ರೋಗ್ರಾಂ, ನೇರವಾಗಿ ಎಆರ್‌ಎಂ9 ಮೇಲೆಯೇ ಕೂರುತ್ತದೆ. ಯಾರೋ ಕೊಟ್ಟ ಫರ್ಮ್ ಫೈಲನ್ನು ಓಡಿಸಿದರೆ ಬಣ್ಣವೂ ಇಲ್ಲ, ಬಾಣವೂ ಇಲ್ಲ, ಯಾರೂ ಕೇಳುವುದಿಲ್ಲ. ಅದನ್ನು ಸ್ಕ್ರಿಪ್ಟಿನ ಹಾಗೆ ತೆರೆದು ಓದಲೂ ಆಗುವುದಿಲ್ಲ. ಇದು ವೈರಸ್ ಹುಡುಕುವ ಟೂಲ್ ಅಲ್ಲ. ಹಾಗೆ ಅಂದುಕೊಂಡು ಧೈರ್ಯ ಮಾಡಬೇಡಿ. 2014ರಲ್ಲಿ 3ಡಿಎಸ್‌ನ ಒಂದು ಫ್ಲ್ಯಾಶ್‌ಕಾರ್ಡ್ (ಆಟಗಳ ಪ್ರತಿ ಓಡಿಸುವ ಕಾರ್ಡ್) ತಯಾರಕರು ತಮ್ಮ ಕಾರ್ಡಿನ ನಕಲಿ ಬಳಸುವವರಿಗೆ ಪಾಠ ಕಲಿಸಲು ಹೋಗಿ, ಕನ್ಸೋಲನ್ನೇ ಬ್ರಿಕ್ ಮಾಡುವ, ಅಂದರೆ ಏಳದಂತೆ ಕೆಡಿಸುವ, ಕೋಡನ್ನು ತಮ್ಮ ಫರ್ಮ್‌ವೇರ್‌ಗೆ ಸೇರಿಸಿದ್ದರು. ಹೆಸರು ಇರುವವರಿಂದ ಬಂದ ಫೈಲೂ ಹೀಗಿರಬಹುದು. ಮುಚ್ಚಿದ ಸೋರ್ಸ್ ಅಂದರೆ ನನಗೆ ಅಂದಿನಿಂದ ಭಯ.

ಇನ್ನೊಂದು ಕೊರತೆ. ಬಾಣಗಳ ಕ್ರಮ ಬಣ್ಣಕ್ಕೊಂದು, ಪ್ರತಿ ಸಲವೂ ಅದೇ. ಜಾಸ್ತಿ ಬಳಸಿದವರ ಬೆರಳಿಗೆ ಅದು ಬಾಯಿಪಾಠವಾಗುತ್ತದೆ. ನನಗೂ ಆಗಿದೆ. ಪರದೆ ಓದುವ ಮುಂಚೆಯೇ ಬೆರಳು ಓಡುತ್ತದೆ. ಪ್ರತಿ ಸಲ ಕ್ರಮ ಬದಲಾಗುವ ಹಾಗೆ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಡ್ರೈವ್‌ಗಳಿಗೆ ಅಂಕಿ, ಅಕ್ಷರಗಳ ಹೆಸರು ಇಟ್ಟಿರುವುದೂ ಹೊಸಬರಿಗೆ ಕಷ್ಟ. 0 ಅಂದರೆ ಎಸ್‌ಡಿ ಕಾರ್ಡ್, 1 ಅಂದರೆ ಸಿಸ್ಟಂ ಅನ್ನುವುದನ್ನು ಕಲಿಯುವ ತನಕ ಏನನ್ನೂ ಅಳಿಸಬೇಡಿ.

ಆದರೂ ಹೋಲಿಸಿದರೆ ನನ್ನ ಒಲವು ಇದರ ಕಡೆಗೇ. ಸೋನಿಯ ಪಿಎಸ್ ವೀಟಾ ಕನ್ಸೋಲ್‌ನ ಫೈಲ್ ಮ್ಯಾನೇಜರ್ ವೀಟಾಶೆಲ್ ಕೂಡ ಒಳ್ಳೆಯದು. ಹೆಚ್ಚಿನ ಅನುಮತಿ ಕೇಳುವ ಪ್ಯಾಕೇಜ್ ಹಾಕುವಾಗ ಎಚ್ಚರಿಸುತ್ತದೆ. ಆದರೆ ಆ ಎಚ್ಚರಿಕೆ ಒಂದೇ ಬಟನ್‌ಗೆ ಮಾಯ. ನಮ್ಮ ಹುಡುಗ ಅದನ್ನು ಖಂಡಿತ ಓದುತ್ತಿರಲಿಲ್ಲ. ಕಿತ್ತಳೆ ಬಣ್ಣ ಅವನನ್ನು ನಿಲ್ಲಿಸಿತು.

ಅವತ್ತೇ ಸಂಜೆ ಅವನ ಕೈಯಲ್ಲೇ ಪೂರ್ತಿ ನ್ಯಾಂಡ್ ಬ್ಯಾಕಪ್ ಮಾಡಿಸಿದೆ. ಅವನದು ಹಳೆಯ ಮಾದರಿ, ಫೈಲು 1 ಜಿಬಿಯ ಒಳಗೇ ಬಂತು. ಜೊತೆಗೆ ಎಸ್‌ಎಚ್‌ಎ ಎಂಬ ಪುಟ್ಟ ಫೈಲನ್ನೂ ಅದು ತಾನೇ ಬರೆದಿಡುತ್ತದೆ. ನಕಲು ಸರಿಯಾಗಿದೆಯಾ ಅಂತ ಅದರಿಂದ ತಾಳೆ ನೋಡಬಹುದು. ಎರಡನ್ನೂ ಅವನ ಕಂಪ್ಯೂಟರ್‌ಗೆ ಒಂದು ಪ್ರತಿ, ನನ್ನ ಹಾರ್ಡ್ ಡಿಸ್ಕ್‌ಗೆ ಒಂದು ಪ್ರತಿ ಹಾಕಿದೆವು. ಕಾರ್ಡನ್ನು ವಾಪಸ್ ಹಾಕುವಾಗ ಅವನು ಆ ಸ್ಕ್ರಿಪ್ಟನ್ನು ತಾನೇ ಅಳಿಸಿದ. ಡ್ರೈವ್ 0, ಪಟ್ಟಿ ಹಸಿರಾಗಿಯೇ ಇತ್ತು.