ಫೈಬರ್, 5ಜಿ ಪೆಟ್ಟಿಗೆ, 4ಜಿ ಫೋನು: ತೋಟದ ಮನೆಗೆ ಯಾವುದು?

"5ಜಿ ಬಂತಲ್ಲ ಮಾರಾಯ, ಇನ್ನೂ ಯಾಕೆ ವೈರ್ ಎಳೆಸ್ಕೊಂಡು ಕೂತಿದ್ದೀಯ?" ಬೆಂಗಳೂರು ಬಿಟ್ಟು ಊರಿಂದಲೇ ಕೆಲಸ ಮಾಡಬೇಕು ಅಂದುಕೊಂಡಿರುವ ಸ್ನೇಹಿತರೆಲ್ಲ ಕೇಳುವುದು ಇದನ್ನೇ. ಶಿರಸಿ ಸೀಮೆಯಲ್ಲಿ, ಅಡಿಕೆ ತೋಟದ ತಲೆಯಲ್ಲಿರುವ ನಮ್ಮ ಮನೆಯಲ್ಲಿ ನಾನು ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದ್ದೇನೆ: ಕೇಬಲ್‌ನವರ ಫೈಬರ್, ಟವರಿನ ಸಿಗ್ನಲ್ ಹಿಡಿದು ಮನೆಗೆ ವೈಫೈ ಕೊಡಲು ಮಾಡಿನ ಮೇಲೆ ಕೂರಿಸುವ 5ಜಿ ಪೆಟ್ಟಿಗೆ, ಹಾಟ್‌ಸ್ಪಾಟ್ ಹಾಕಿಟ್ಟ ಹಳೇ 4ಜಿ ಫೋನು. ಪೇಪರಿನಲ್ಲಿ ಬರುವ ವೇಗ ನೋಡಿ ಆರಿಸುವುದಾದರೆ 5ಜಿಯೇ ಸರಿ. ನನಗೆ ಸಂಬಳ ತರುವ ಕೆಲಸಕ್ಕೆ ಮಾತ್ರ ಫೈಬರೇ ಬೇಕು, ಅದೂ ಒಂದು 4ಜಿ ಸಿಮ್ಮಿನ ಬೆಂಬಲ ಇದ್ದರೆ.

ಮೊದಲು ಆ ವೇಗದ ಲೆಕ್ಕ ನೋಡೋಣ. 2022ರ ಅಕ್ಟೋಬರ್ 1ರಂದು ದಿಲ್ಲಿಯಲ್ಲಿ 5ಜಿ ಉದ್ಘಾಟನೆಯಾದಾಗ ಪ್ರಧಾನಿಯವರು ಅಲ್ಲೇ ಕೂತು ಯುರೋಪಿನಲ್ಲಿದ್ದ ಕಾರೊಂದನ್ನು ಓಡಿಸಿ ತೋರಿಸಿದರು. ಟೀವಿಯವರಿಗೆ ಇನ್ನೇನು ಬೇಕು? ಸೆಕೆಂಡಿಗೆ 20 ಗಿಗಾಬಿಟ್, ಒಂದೇ ಮಿಲಿಸೆಕೆಂಡ್ ವಿಳಂಬ, ಹಳ್ಳಿಯ ರೋಗಿಗೆ ದೂರದ ಊರಿಂದಲೇ ಆಪರೇಷನ್. (ಆಪರೇಷನ್ ಥಿಯೇಟರಿಗೆ ಅರಿವಳಿಕೆ ಕೊಡುವ ಡಾಕ್ಟರು ಎಲ್ಲಿಂದ ಬರುತ್ತಾರೆ ಅಂತ ಯಾರೂ ಕೇಳಲಿಲ್ಲ.) ಈ 20 ಗಿಗಾಬಿಟ್ ಸುಳ್ಳಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 5ಜಿಗೆಂದು ಗೊತ್ತು ಮಾಡಿದ ಪಟ್ಟಿಯಲ್ಲಿ ಅದು ಇದೆ, ಆದರೆ ಎಲ್ಲವೂ ಅನುಕೂಲವಾಗಿರುವಾಗ ಮುಟ್ಟಬೇಕಾದ ತುತ್ತತುದಿಯ ವೇಗವಾಗಿ. ಅದೇ ಪಟ್ಟಿಯಲ್ಲಿ, ಒತ್ತೊತ್ತಾಗಿ ಜನ ಇರುವ ನಗರದಲ್ಲಿ ಬಳಸುವವನ ಕೈಗೆ ಸಿಗಬೇಕಾದದ್ದು 100 ಮೆಗಾಬಿಟ್ ಅಂತಲೂ ಇದೆ. ಇನ್ನೂರು ಪಟ್ಟು ಕಮ್ಮಿ. ಸುದ್ದಿಯಾಗಿದ್ದು ಯಾವುದು ಅಂತ ಹೇಳಬೇಕಿಲ್ಲ.

ಒಂದು ಮಿಲಿಸೆಕೆಂಡಿನ ಕತೆ ಇನ್ನೂ ಸ್ವಾರಸ್ಯ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಮಿಲಿಸೆಕೆಂಡಿಗೆ 200 ಕಿ.ಮೀ. ಆಯಿತು, ಹೋಗಿ ಬರಬೇಕೆಂದರೆ ನೂರೇ. ಶಿರಸಿಯಿಂದ ಬೆಂಗಳೂರಿಗೆ 400 ಕಿ.ಮೀ. ಆಸುಪಾಸು. ನಡುವೆ ಟವರ್ ಇಲ್ಲ, ರೂಟರ್ ಇಲ್ಲ ಅಂತಲೇ ಇಟ್ಟುಕೊಂಡರೂ ಅಲ್ಲಿನ ಸರ್ವರ್ ಮುಟ್ಟಿ ಬರಲು 4 ಮಿಲಿಸೆಕೆಂಡ್ ಬೇಕು. ಆ ಒಂದು ಮಿಲಿಸೆಕೆಂಡ್ ಹೇಳಿದ್ದು ಫೋನಿಂದ ಟವರಿನ ತನಕದ ಹಾದಿಗೆ, ಅದೂ ಕೆಲವೇ ಬಗೆಯ ಬಳಕೆಗೆ. ಮುಂದಿನ 400 ಕಿ.ಮೀ.ಯಲ್ಲಿ 5ಜಿಯೂ ಫೈಬರಿನ ಮೇಲೇ ಓಡಬೇಕು.

ಫೈಬರಿನ ವಿಷಯಕ್ಕೆ ಬರುತ್ತೇನೆ. ಜಾಹೀರಾತಿನಲ್ಲಿ ಅದು ನೆಲದೊಳಗೆ ನೀಲಿ ಬೆಳಕಾಗಿ ಹರಿಯುತ್ತದೆ. ನಮ್ಮಲ್ಲಿಗೆ ಬಂದದ್ದು ಕರೆಂಟ್ ಕಂಬಗಳ ಮೇಲೆ. ಕಂಬ ಮುಗಿದಲ್ಲಿಂದ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿಕೊಂಡು. ಹಾಗಾಗಿ ಅದಕ್ಕೆ ಬರುವ ಕಾಯಿಲೆಗಳೆಲ್ಲ ತೋಟದ ಕಾಯಿಲೆಗಳೇ. ಒಣಗಿದ ಸೋಗೆ ಬೀಳುತ್ತದೆ. ಕೊನೆ ಕೊಯ್ಯುವಾಗ ದೋಟಿ ತಾಗುತ್ತದೆ. ಮಂಗಗಳಿಗಂತೂ ಅದು ಜೋಕಾಲಿ. ಒಮ್ಮೆ ನೆಟ್ ಪೂರ್ತಿ ಹೋಗಿರಲಿಲ್ಲ, ಆದರೆ ಗಳಿಗೆಗೊಮ್ಮೆ ಬಿಟ್ಟು ಬಿಟ್ಟು ಬರುತ್ತಿತ್ತು. ಕೇಬಲ್ ಹುಡುಗ ಬಂದು ಬೆಳಕು ಅಳೆಯುವ ಮೀಟರ್ ಸಿಕ್ಕಿಸಿದ. ಮೊದಲ ದಿನ ಮೈನಸ್ 19 ಇದ್ದದ್ದು ಮೈನಸ್ 27 ತೋರಿಸುತ್ತಿತ್ತು (ಮೈನಸ್ ಹೆಚ್ಚಿದಷ್ಟೂ ಬೆಳಕು ಕಮ್ಮಿ). ಮನೆಯಲ್ಲಿ ಫೈಬರ್ ಸಿಕ್ಕಿಸುವ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಅದೇ ಕಡೆಯ ಗಡಿ, ಅದಕ್ಕಿಂತ ಇಳಿದರೆ ಬೆಳಕೇ ಕಾಣುವುದಿಲ್ಲ. "ಹೆಗಡೇರೆ, ಎಲ್ಲೂ ತುಂಡಾಗಲಿಲ್ಲ. ಎಲ್ಲೋ ಮಡಚಿದೆ, ಮಂಗ ಹತ್ತಿ ಕೂತಿರಬೇಕು" ಅಂದ. ತೋಟ ಇಳಿದು ಹುಡುಕಿದರೆ ಸಿಕ್ಕಿದ್ದು ಹಾಗೆಯೇ. ಮರಕ್ಕೆ ಸುತ್ತಿದ ಕಡೆ ವೈರು ಜಗ್ಗಿ ಮೊಣಕೈಯಂತೆ ಬಾಗಿತ್ತು. ಬಿಡಿಸಿ ಸಡಿಲ ಮಾಡಿ ಕಟ್ಟಿದ ಕೂಡಲೇ ಮೀಟರು ಮೈನಸ್ 20ಕ್ಕೆ ಬಂತು.

ಇದನ್ನು ಇಷ್ಟು ಉದ್ದ ಹೇಳಲು ಕಾರಣ ಇದೆ. ಫೈಬರ್ ಕೆಟ್ಟರೆ ಕೆಟ್ಟದ್ದು ಗೊತ್ತಾಗುತ್ತದೆ. ಫೈಬರ್ ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಅಂತ ಬರೆದ ದೀಪ ಕೆಂಪಾಗಿ ಮಿಣುಕಿದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ, ಚರ್ಚೆಗೆ ಜಾಗ ಇಲ್ಲ. ಫೋನ್ ಮಾಡಲು ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ನಮ್ಮ ತೋಟದ ದಾರಿ ಗೊತ್ತು. ಸರಿ ಇರುವ ದಿನ ಬೆಳಿಗ್ಗೆಯೂ ರಾತ್ರಿಯೂ ಒಂದೇ ತರ: 50 ಮೆಗಾಬಿಟ್ಟಿನ ಪ್ಲಾನಿಗೆ 47, 48 ಸಿಗುತ್ತದೆ, ಮೇಲಕ್ಕೆ ಕಳಿಸುವಾಗಲೂ ಅಷ್ಟೇ. ಬೆಂಗಳೂರಿನ ಸರ್ವರಿಗೆ ಪಿಂಗ್, ಅಂದರೆ ಮುಟ್ಟಿ ಬರಲು ಹಿಡಿಯುವ ಹೊತ್ತು, 15 ಮಿಲಿಸೆಕೆಂಡಿನ ಆಚೀಚೆ, ಅಲ್ಲೇ ನಿಂತಿರುತ್ತದೆ. ಇಲ್ಲೂ ಹಂಚಿಕೆ ಇಲ್ಲ ಅಂತಲ್ಲ. ಸಾಮಾನ್ಯವಾಗಿ ಹಾಕುವ ವ್ಯವಸ್ಥೆಯಲ್ಲಿ ಸುಮಾರು 2.5 ಗಿಗಾಬಿಟ್ಟಿನ ಒಂದು ಎಳೆಯನ್ನು 32 ಅಥವಾ 64 ಮನೆಗೆ ಸೀಳಿ ಕೊಡುತ್ತಾರೆ. ಆದರೆ ಎಷ್ಟು ಮನೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಟವರಿಗೆ ಆ ಲೆಕ್ಕ ಇಲ್ಲ. ಜಾತ್ರೆಗೆ ಬಂದವರೆಲ್ಲ ಅದಕ್ಕೆ ನೆಂಟರೇ.

5ಜಿ ಪೆಟ್ಟಿಗೆ ಕೂರಿಸಲು ಬಂದವರು ಹಂಚಿನ ಮಾಡಿನ ಪಕ್ಕ ಪೈಪ್ ನಿಲ್ಲಿಸಿ, ಗುಡ್ಡದ ಮೇಲಿನ ಟವರಿಗೆ ಮುಖ ಮಾಡಿ ಬಿಗಿದರು. ಮೊದಲ ಸ್ಪೀಡ್ ಟೆಸ್ಟಿಗೆ 240 ಬಂತು. ಅವರು ಅದರ ಫೋಟೋ ಹೊಡೆದುಕೊಂಡರು, ನನ್ನ ಸಹಿ ತಗೊಂಡರು, ಹೊರಟರು. ಅವತ್ತು ಬಿಸಿಲಿತ್ತು, ಹೊತ್ತು ಬೆಳಿಗ್ಗೆ ಹನ್ನೊಂದು. ರಾತ್ರಿ ಎಂಟೂವರೆಗೆ, ಐಪಿಎಲ್ ನಡೆಯುವಾಗ, ಅದೇ ಪೆಟ್ಟಿಗೆ ಇಪ್ಪತ್ತಕ್ಕೆ ಇಳಿಯಿತು. ಇಪ್ಪತ್ತೂ ಸಾಕು ಅನ್ನಿ. ವಿಡಿಯೋ ಮೀಟಿಂಗಿಗೆ ಮೂರು ನಾಲ್ಕು ಮೆಗಾಬಿಟ್ ಇದ್ದರೆ ಧಾರಾಳ. ತೊಂದರೆ ಇದ್ದದ್ದು ಪಿಂಗ್‌ನಲ್ಲಿ. ಒಂದು ಸಲ 30, ಮರುಕ್ಷಣ 180, ಮತ್ತೆ 45. ನಾನು ಮಾತಾಡಿದ್ದು ಆಚೆಯವರಿಗೆ ತುಂಡು ತುಂಡಾಗಿ ಹೋಗುತ್ತಿದ್ದದ್ದು ಇದರಿಂದ. ಸ್ಪೀಡ್ ಟೆಸ್ಟ್ ಆ್ಯಪಿನ ದೊಡ್ಡ ಅಂಕಿಯಲ್ಲಿ ಈ ಕುಣಿತ ಕಾಣುವುದೇ ಇಲ್ಲ. ಅದು ಹತ್ತಿರದ ಸರ್ವರ್ ಹುಡುಕಿ, ಏಕಕಾಲಕ್ಕೆ ಹಲವು ಕೊಂಡಿ ತೆರೆದು, ಸಿಕ್ಕಷ್ಟು ಎಳೆದು, ಆ ಮೊತ್ತವನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ. "ದೇಶದ ಸರಾಸರಿ ವೇಗ ಇಷ್ಟು ಪಟ್ಟು ಏರಿತು" ಎಂಬ ಸುದ್ದಿಗಳ ಹಿಂದಿರುವುದು ಬಹುಪಾಲು ಇಂಥ ಟೆಸ್ಟುಗಳೇ. ಸಿಗ್ನಲ್ಲೇ ಇಲ್ಲದ ಮನೆಯವನು ಟೆಸ್ಟ್ ಮಾಡುವುದಿಲ್ಲವಲ್ಲ, ಅವನ ಸೊನ್ನೆ ಆ ಸರಾಸರಿಗೆ ಸೇರುವುದಿಲ್ಲ.

ಮಳೆ ಬಂದರೆ 5ಜಿ ಹೋಗುತ್ತದೆ ಅಂತ ನಮ್ಮೂರಲ್ಲಿ ಒಂದು ಮಾತಿದೆ. ಅರ್ಧ ಸರಿ. ಇಲ್ಲಿ 5ಜಿ ಹೆಚ್ಚಾಗಿ ಓಡುವುದು 3.3 ಗಿಗಾಹರ್ಟ್ಸ್‌ನ ಬ್ಯಾಂಡಿನಲ್ಲಿ, ಒಂದೆರಡು ಕಿ.ಮೀ. ದೂರಕ್ಕೆ ಬರಿಯ ಮಳೆಹನಿ ಅದನ್ನು ಹೆಚ್ಚೇನೂ ತಿನ್ನುವುದಿಲ್ಲ. ತಿನ್ನುವುದು ಒದ್ದೆ ಎಲೆ. ನಮ್ಮ ಮನೆಗೂ ಗುಡ್ಡಕ್ಕೂ ನಡುವೆ ಹಲಸು, ಮಾವು, ಆಮೇಲೆ ಬೆಟ್ಟದ ಕಾಡು. ಮೇ ತಿಂಗಳಲ್ಲಿ ಇವುಗಳ ಸಂದಿಯಿಂದ ಹೇಗೋ ತೂರಿಕೊಂಡು ಬರುವ ಸಿಗ್ನಲ್ ಜೂನ್ ಕೊನೆಗೆ ನೀರು ಕುಡಿದ ಎಲೆಗಳಲ್ಲೇ ಸೊರಗುತ್ತದೆ. 900 ಮೆಗಾಹರ್ಟ್ಸ್ ತರದ ಕೆಳಗಿನ ಬ್ಯಾಂಡಿನ ಅಲೆಗಳು ಇದನ್ನು ಸುಧಾರಿಸಿಕೊಂಡು ಹೋಗುತ್ತವೆ. ಹಳೇ ಫೋನು ಅಟ್ಟದ ಕಿಟಕಿಯಲ್ಲಿ ಕೂತು ಮಳೆಗಾಲವಿಡೀ ಐದಾರು ಮೆಗಾಬಿಟ್ ಕೊಡುತ್ತಲೇ ಇರುವುದರ ಗುಟ್ಟು ಇದೇ ಇರಬೇಕು.

ಇನ್ನು ಫೋನಿನ ಮೂಲೆಯಲ್ಲಿ ಕಾಣುವ "5ಜಿ" ಅಕ್ಷರ. ಅದನ್ನು ಪೂರ್ತಿ ನಂಬಬೇಡಿ. ದೇಶದಲ್ಲಿ 5ಜಿ ಎರಡು ಬಗೆಯಲ್ಲಿ ಬಂತು. ಜಿಯೋ ಸ್ವತಂತ್ರ ಜಾಲ ಕಟ್ಟಿತು, ಏರ್‌ಟೆಲ್ 4ಜಿಯ ಬೆನ್ನ ಮೇಲೆ 5ಜಿ ಕೂರಿಸಿ ಶುರು ಮಾಡಿತು. ಎರಡನೇ ಬಗೆಯಲ್ಲಿ ಹತ್ತಿರದ 4ಜಿ ಟವರಿಗೆ 5ಜಿ ಜೊತೆಗಾರ ಇದ್ದಾನೆ ಅಂತ ಗೊತ್ತಾದರೇ ಸಾಕು, ಫೋನು ಆ ಅಕ್ಷರ ತೋರಿಸಿಬಿಡಬಹುದು. ಆ ಹೊತ್ತಿಗೆ ನಿಮ್ಮ ಡೇಟಾ 4ಜಿಯಲ್ಲೇ ಬರುತ್ತಿರಲೂಬಹುದು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಶಿರಸಿ ಪೇಟೆಯಲ್ಲಿ ನಮ್ಮ ಅಕ್ಕನ ಮನೆಯಿದೆ, ಅಡುಗೆಮನೆ ಕಿಟಕಿಯಿಂದ ಟವರ್ ಕಾಣುತ್ತದೆ. ಅಲ್ಲಿ ಅದೇ ನಮೂನೆಯ ಪೆಟ್ಟಿಗೆಗೆ ಹೊರಗಿನ ಪೈಪೂ ಬೇಡ, ಮುಖ ತಿರುಗಿಸುವ ಕಸರತ್ತೂ ಬೇಡ. ರಾತ್ರಿಯೂ 150 ಇಳಿಯುವುದಿಲ್ಲ, ಭಾವ ಟೀವಿ ನೋಡುತ್ತಿರುವಾಗಲೇ ನಾನು ಮೀಟಿಂಗ್ ಮುಗಿಸಿದ್ದೇನೆ. ನಾನು ಪೇಟೆಯವನಾಗಿದ್ದರೆ ಫೈಬರಿನವನನ್ನು ಕರೆಯುತ್ತಲೇ ಇರಲಿಲ್ಲ. 5ಜಿ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಕೂತಿರುವುದು ಅಕ್ಕನ ಮನೆಯಂಥ ಮನೆಗಳಲ್ಲಿ.

ನಮ್ಮ ಕಡೆ ನಿಜವಾದ ಪರೀಕ್ಷೆ ವೇಗದ್ದಲ್ಲ, ಕರೆಂಟಿನದು. ಜುಲೈಯಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಒಂದು ದಿನ ಇಲ್ಲ, ಒಮ್ಮೊಮ್ಮೆ ಮೂರು ನಾಲ್ಕು ದಿನ ಇಲ್ಲ. ಆಗ ಯಾವುದು ಯಾವ ಹೊತ್ತಿಗೆ ಸಾಯುತ್ತದೆ ಅಂತ ಗಮನಿಸಿದ್ದೇನೆ. ಗುಡ್ಡದ ಟವರ್ ಬ್ಯಾಟರಿಗೆ ಹೋದ ಸ್ವಲ್ಪ ಹೊತ್ತಿಗೆ 5ಜಿ ಮಾಯ. 4ಜಿ ಇನ್ನೂ ಒಂದಷ್ಟು ತಾಸು ಉಸಿರಾಡುತ್ತದೆ. ಆಮೇಲೆ ಡೀಸೆಲ್ ಬರಬೇಕು, ಗುಡ್ಡದ ರಸ್ತೆಯಲ್ಲಿ ಜೀಪು ಹತ್ತಬೇಕು. ಧರೆ ಕುಸಿದಿದ್ದರೆ ಅದೂ ಇಲ್ಲ. ಫೈಬರಿಗೆ ಮನೆಯಲ್ಲಿ ಬೇಕಾದದ್ದು 12 ವೋಲ್ಟಿನ ಒಂದು ಪುಟ್ಟ ಯುಪಿಎಸ್, ಸಾವಿರದೈನೂರರ ಆಸುಪಾಸಿಗೆ ಸಿಗುತ್ತದೆ. ರೂಟರ್ ತಿನ್ನುವುದು ಹತ್ತು ವಾಟ್ ಸುತ್ತಮುತ್ತ. ಆಚೆ ತುದಿಯಲ್ಲಿ ಕೇಬಲ್ ಆಫೀಸಿಗೆ ಜನರೇಟರ್ ಇದೆ. ಹಾಗಾಗಿ ಊರೆಲ್ಲ ಕತ್ತಲಾಗಿ ಟವರ್ ಸತ್ತ ಮೇಲೂ ನಮ್ಮ ಮನೆಯಲ್ಲಿ ವೈಫೈ ಇರುತ್ತದೆ, ಆಗ ಸುತ್ತಲಿನ ಮನೆಯವರು ವಾಟ್ಸ್ಯಾಪ್ ಕರೆ ಮಾಡಲು ಇಲ್ಲಿಗೇ ಬರುತ್ತಾರೆ. ಆದರೆ ಆ ಮರ ನಮ್ಮ ಹಾದಿಯ ಕಂಬದ ಮೇಲೇ ಬಿದ್ದಿದ್ದರೆ ಕರೆಂಟಿನ ಜೊತೆ ಫೈಬರೂ ಹೋಯಿತು. ಕರೆಂಟಿನವರು ಬಂದು ಕಂಬ ನಿಲ್ಲಿಸುವ ತನಕ ಕೇಬಲ್ ಹುಡುಗ ವೈರು ಮುಟ್ಟುವ ಹಾಗಿಲ್ಲ. ಅಂಥ ದಿನಕ್ಕೇ ಆ ಹಳೇ ಫೋನು.

ಸಿಡಿಲಿನ ವಿಷಯದಲ್ಲಿ ಫೈಬರ್ ಬಂದದ್ದು ಪುಣ್ಯ. ತಾಮ್ರದ ಲ್ಯಾಂಡ್‌ಲೈನ್ ಇದ್ದಾಗ ಏಪ್ರಿಲ್, ಮೇ ಗುಡುಗಿಗೆ ಮೋಡೆಮ್ ಸುಡುವುದು ಮಾಮೂಲು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅಡಾಪ್ಟರ್ ದಾರಿಯಿಂದ ಮಾತ್ರ ಬರಬಹುದು, ಅದನ್ನು ಕಿತ್ತಿಟ್ಟರೆ ಮುಗಿಯಿತು. ಮಾಡಿನ ಮೇಲಿನ 5ಜಿ ಪೆಟ್ಟಿಗೆಯಿಂದ ಮನೆಯೊಳಕ್ಕೆ ಇಳಿಯುವುದು ಮತ್ತದೇ ತಾಮ್ರದ ತಂತಿ.

ಈಗ ಹೊಸ ಸದ್ದು ಉಪಗ್ರಹದಿಂದ ಬರುವ ಇಂಟರ್ನೆಟ್ಟಿನದು. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಲೈಸೆನ್ಸ್ ಸಿಕ್ಕಿದ ಕೂಡಲೇ "ಇನ್ನು ಹಳ್ಳಿಗಳ ನೆಟ್‌ವರ್ಕ್ ಸಮಸ್ಯೆ ಮುಗಿಯಿತು" ಅಂತ ಶುರುವಾಯಿತು. ಬಲೂನಿನಿಂದ ಇಂಟರ್ನೆಟ್ ಕೊಡುವ ಗೂಗಲ್ಲಿನ ಲೂನ್ 2013ರಲ್ಲಿ ಬಂದಾಗಲೂ ಇದೇ ಧಾಟಿ, 2021ರಲ್ಲಿ ಅದು ಬಾಗಿಲು ಹಾಕಿತು. ಫೇಸ್‌ಬುಕ್ಕಿನ ಸೌರ ವಿಮಾನ ಅಕ್ವಿಲಾ 2018ರಲ್ಲೇ ನಿಂತಿತ್ತು. ಹಾಗಂತ ಸ್ಟಾರ್‌ಲಿಂಕನ್ನು ಅವುಗಳ ಸಾಲಿಗೆ ಸೇರಿಸುವುದಿಲ್ಲ. ಹಳೇ ಉಪಗ್ರಹಗಳು 36,000 ಕಿ.ಮೀ. ಮೇಲಿದ್ದರೆ ಇವು ಇರುವುದು 550 ಕಿ.ಮೀ. ಆಚೀಚೆ, ಬೇರೆ ದೇಶಗಳಲ್ಲಿ ಲಕ್ಷಗಟ್ಟಲೆ ಜನ ಬಳಸುತ್ತಿದ್ದಾರೆ. ನನ್ನ ತಕರಾರು ಎರಡೇ. ಡಿಶ್ಶಿಗೆ ತೆರೆದ ಆಕಾಶ ಬೇಕು, ಅಡಿಕೆ ತೋಟದ ಮನೆಯಲ್ಲಿ ಆಕಾಶ ಕಾಣುವುದು ಅಂಗಳದಷ್ಟೇ. ಮತ್ತೆ ಅದು 75ರಿಂದ 100 ವಾಟ್ ತಿನ್ನುತ್ತದೆ. ಮೂರು ದಿನ ಕರೆಂಟಿಲ್ಲದಾಗ ನಮ್ಮ ಇನ್ವರ್ಟರ್ ಮೊದಲು ಫ್ರಿಜ್ಜಿಗೋ ಅದಕ್ಕೋ ಅಂತ ಮನೆಯಲ್ಲಿ ಜಗಳ ಆಗುತ್ತದೆ. 6ಜಿಗೆ ಸರ್ಕಾರದ ಮುನ್ನೋಟದ ದಾಖಲೆ 2023ರ ಮಾರ್ಚ್‌ನಲ್ಲೇ ಹೊರಬಂದಿದೆ, ಅದರ ಬಗ್ಗೆ 2030ರ ನಂತರ ಮಾತಾಡೋಣ.

5ಜಿ ಪೆಟ್ಟಿಗೆಯ ಪ್ಲಾನ್ ಮುಗಿದ ಮೇಲೆ ನಾನು ಮುಂದುವರಿಸಲಿಲ್ಲ. ಫೈಬರ್, ಅದಕ್ಕೊಂದು ಪುಟ್ಟ ಯುಪಿಎಸ್, ಇನ್ನೊಂದು ಟವರಿಗೆ ಸಿಗುವ ಕಂಪನಿಯ ಸಿಮ್ ಹಾಕಿದ 4ಜಿ ಫೋನು, ಸದ್ಯಕ್ಕೆ ಇಷ್ಟೇ. ಊರಿಗೆ ಮರಳುವವರು ಜಾಗ ನೋಡಲು ಡಿಸೆಂಬರಿನಲ್ಲಿ ಬರುತ್ತಾರೆ, ಆಗ ಎಲ್ಲ ಕಂಪನಿಯ ಎಲ್ಲ ಕಡ್ಡಿಯೂ ತುಂಬಿರುತ್ತವೆ. ಜುಲೈ ಎರಡನೇ ವಾರ ಬಂದು ನಾಲ್ಕು ದಿನ ಉಳಿಯಿರಿ, ಮೀಟಿಂಗುಗಳನ್ನೂ ಅಲ್ಲಿಂದಲೇ ಮಾಡಿ. ಆ ಊರಿಗೆ ಕೇಬಲ್ ಹುಡುಗ ಯಾರು, ಮಳೆಯಲ್ಲಿ ಫೋನ್ ಎತ್ತುತ್ತಾನಾ ಅನ್ನುವುದನ್ನು ಅಕ್ಕಪಕ್ಕದ ಎರಡು ಮನೆಯಲ್ಲಿ ಕೇಳಿ.