ರೆಸ್ಟಿಕ್: ಕರೆಂಟ್ ಹೋದರೂ ಬ್ಯಾಕಪ್ ತಪ್ಪುವುದಿಲ್ಲ

ಕಲಬುರಗಿಯಲ್ಲಿ ಮದುವೆ ಫೋಟೊ ತೆಗೆಯುವುದು ನನ್ನ ಕೆಲಸ. ಹಳೇ ಕಂಪ್ಯೂಟರ್‌ಗೆ ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕಿ ಮನೆಯಲ್ಲೇ ಸರ್ವರ್ ಮಾಡಿಕೊಂಡಿದ್ದೇನೆ. ಅದರಿಂದ ಎಕ್ಸ್‌ಟರ್ನಲ್ ಡ್ರೈವ್‌ಗೆ ಬ್ಯಾಕಪ್ ಮಾಡೋಕೆ ರೆಸ್ಟಿಕ್ ಬಳಸುತ್ತೇನೆ. ಉಚಿತ ಸಾಫ್ಟ್‌ವೇರ್, ತುಂಬಾ ಇಷ್ಟವಾಗಿದೆ.

ಮೊದಲ ಸಲ ಜಾಸ್ತಿ ಹೊತ್ತು ಹಿಡಿಯುತ್ತದೆ. ಆಮೇಲೆ ಹೊಸದು, ಬದಲಾದದ್ದು ಮಾತ್ರ ಸೇರುತ್ತದೆ. ಎಲ್ಲವೂ ಎನ್‌ಕ್ರಿಪ್ಟ್ ಆಗಿರುವುದರಿಂದ (ಪಾಸ್‌ವರ್ಡ್ ಇಲ್ಲದೆ ಓದೋಕಾಗದಂತೆ) ಡ್ರೈವ್ ಕಳುವಾದರೂ ಬೇರೆಯವರ ಮನೆಯ ಫೋಟೊ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಪಾಸ್‌ವರ್ಡ್ ಕಳೆದರೆ ಡೇಟಾನೂ ಹೋಯ್ತು. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಬೇಸಿಗೆಯಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ, ಅಲ್ವಾ? ಅದಕ್ಕೇ, ಗೊತ್ತು ಮಾಡಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಬಿಟ್ಟು, ತಪ್ಪಿದ್ದನ್ನು ಆಮೇಲೂ ಓಡಿಸಬಲ್ಲ ಸಿಸ್ಟಮ್‌ಡಿ ಟೈಮರ್ ಹಾಕಿದ್ದೇನೆ. ಅದರಲ್ಲಿ 'ಪರ್ಸಿಸ್ಟೆಂಟ್' ಎಂಬುದನ್ನು 'ಟ್ರೂ' ಮಾಡಿದರೆ ಸಾಕು. ರಾತ್ರಿ 2 ಗಂಟೆಗೆ ತಪ್ಪಿದ ಬ್ಯಾಕಪ್, ಮಷೀನ್ ಆನ್ ಆದ ಮೇಲೆ ತಾನೇ ಶುರುವಾಗುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡ್ರೈವ್‌ಗಳ ಪಟ್ಟಿ ಇರುವ ಫೈಲ್) ಡ್ರೈವ್‌ನ ಸಾಲಿಗೆ 'ನೋಫೇಲ್' ಸೇರಿಸಿ. ಕೇಬಲ್ ಬಿಚ್ಚಿದ್ದರೂ ಸರ್ವರ್ ಬೂಟ್ ಆಗುತ್ತದೆ.

ಕೊರತೆ ಅಂದ್ರೆ, ಎಲ್ಲವೂ ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲೇ. ಹಳೇ ಪ್ರತಿಗಳೂ ಸುಮ್ನೆ ಅಳಿಯುವುದಿಲ್ಲ, 'ಫರ್ಗೆಟ್', 'ಪ್ರೂನ್' ಎಂಬ ಕಮಾಂಡ್ ಓಡಿಸಬೇಕು. ತಿಂಗಳಿಗೊಮ್ಮೆ ಬ್ಯಾಕಪ್ ಸರಿ ಇದೆಯಾ ಎಂದು ನೋಡುವ 'ಚೆಕ್' ಓಡಿಸಿ, ಒಂದು ಆಲ್ಬಮ್ ರಿಸ್ಟೋರ್ ಮಾಡಿ ತೆರೆದು ನೋಡುತ್ತೇನೆ.